ನಾಕೂರಿನಲ್ಲಿ ನಮ್ಮದೊಂದು ಹೊಲ

ಬಲಗೈ ಹೆಬ್ಬೆರಳು ಬಾತುಕೊಂಡಿತ್ತು. ರೊಟ್ಟಿ ಬಡಿಯುವುದು ಹಾಗಿರಲಿ, ಚಹಾದ ಕಪ್ಪು ಹಿಡಿಯುವುದೂ ಕಷ್ಟವಾದಾಗ ನಾನು ಇಂಡಿ ಊರಿನ ನಮ್ಮ ಓಣಿಯ ಡಾಕ್ಟರರ ಮುಂದೆ ಹೋಗಿ ಕುಳಿತೆ. ಅವರು ಬೆರಳನ್ನು ಹಿಂದೆ ಮುಂದೆ ಹೊರಳಿಸಿದರು. ನಾನು ‘ಯವ್ವಾ’ ಎಂದು ಚೀರಿದ ಮೇಲೆ ಸಮಾಧಾನವಾದವರಂತೆ ಪೆನ್ನು ತೆಗೆದರು.

“ಈ ಕೈಲೆ ಏನ್ ಕೆಲಸ ಮಾಡ್ತೀರಿ, ಅಕ್ಕಾವ್ರ?”

ನಮ್ಮ ಕಡೆ ಶಾಲೆಯಲ್ಲಿ ಕಲಿಸಿದ ಹೆಂಗಸು ನಿವೃತ್ತಳಾದ ಮೇಲೂ ಕೊನೆಯ ತನಕ ಅಕ್ಕಾವ್ರೇ. ಅದೊಂದು ಪಿಂಚಣಿ ಇದ್ದ ಹಾಗೆ.

“ಹೊಲದಾಗ ಕಸಾ ತಗೀತೇನ್ರಿ. ನೀರು ಬಿಡತೇನಿ. ಎತ್ತಿಗೆ ಮೇವು ಹಾಕ್ತೇನಿ.”

“ಈ ವಯಸ್ಸಿನಾಗ? ಏನ್ ಬೆಳಿ ಹಾಕೀರಿ?”

“ಕುಂಬಳಕಾಯಿ ಐತ್ರಿ. ಬಾಜೂಕ ಸ್ಟ್ರಾಬೆರಿ ಹಚ್ಚೇನಿ.”

ಡಾಕ್ಟರರ ಪೆನ್ನು ನಿಂತಿತು. ಇಂಡಿಯ ಮಣ್ಣಿನಲ್ಲಿ ಲಿಂಬೆ ಬರುತ್ತದೆ, ಜೋಳ ಬರುತ್ತದೆ, ದ್ರಾಕ್ಷಿಯೂ ಬರುತ್ತದೆ. ಸ್ಟ್ರಾಬೆರಿ ಬಂದದ್ದನ್ನು ಯಾರೂ ಕೇಳಿಲ್ಲ. ಅವರು ಬಾಗಿಲ ಕಡೆ ನೋಡಿ, ಕಾಂಪೌಂಡರ್ ಇಲ್ಲವೆಂದು ಖಾತ್ರಿ ಮಾಡಿಕೊಂಡು, ದನಿ ಇಳಿಸಿದರು. “ನೀವೂ ನಾಕೂರಿನವ್ರೇನ್ರಿ? ಅಲ್ಲಿ ಪ್ಲಾಟು ಖಾಲಿ ಅದಾವೇನು? ನಮ್ಮ ಮನ್ಯಾಗ ಒಂದ ಸವನ ಹಟಾ ಹಿಡದಾರ.”

ನಾಕೂರು ಯಾವ ತಾಲೂಕಿಗೆ ಬರುತ್ತದೆಂದು ನೀವು ನಕಾಶೆ ಹುಡುಕಬೇಡಿ. ಅದು ಇರುವುದು ಫೋನಿನಲ್ಲಿ. ಯಾವುದೋ ದೂರದೇಶದವರು ಮಾಡಿದ ಆಟ. ಒಳಗೆ ಹೋದರೆ ನಿಮಗೊಂದು ಹೊಲ, ಒಂದು ಕೆಂಪು ಹಂಚಿನ ಮನೆ, ಎರಡು ಎತ್ತು, ಕೆಲವು ಕೋಳಿ, ಮತ್ತು ನಿಮ್ಮ ಬದಲಿಗೆ ಓಡಾಡುವ ಒಂದು ಗೊಂಬೆ ಸಿಗುತ್ತದೆ. ಅಕ್ಕಪಕ್ಕದ ಹೊಲದವರೆಲ್ಲ ನಿಜವಾದ ಮನುಷ್ಯರು, ಅವರವರ ಮನೆಯಲ್ಲಿ ಅವರವರ ಫೋನು ಹಿಡಿದು ಕುಳಿತವರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಮಂದಿ ಒಬ್ಬರ ಹಿಂದೆ ಒಬ್ಬರು ಬಂದು ಅಲ್ಲೊಂದು ಊರು ಕಟ್ಟಿಕೊಂಡರು. ಹೆಸರಿನ ಮೇಲೆ ಜಗಳವಾಯಿತು. ಪ್ರತಿಯೊಬ್ಬರಿಗೂ ತಮ್ಮ ಊರಿನ ಹೆಸರೇ ಬೇಕು. ಕೊನೆಗೆ ನಾಲ್ಕೂ ಊರಿನವರು ಸಮನಾಗಿ ಮುನಿಸಿಕೊಳ್ಳಲಿ ಎಂದು ‘ನಾಕೂರು’ ಎಂದಿಟ್ಟೆವು.

ನನ್ನನ್ನು ಅಲ್ಲಿಗೆ ಸೇರಿಸಿದವನು ನನ್ನ ತಮ್ಮ ಮಲ್ಲಪ್ಪ. ಮುದ್ದೇಬಿಹಾಳದಲ್ಲಿ ಅವನದು ಬೀಜ ಗೊಬ್ಬರದ ಅಂಗಡಿ. ನನ್ನ ನಿವೃತ್ತಿಯಾದ ಹೊಸತರಲ್ಲಿ ಬಂದವನು, ನಾನು ಹಳೆಯ ಪತ್ರಿಕೆಯ ಜಾಹೀರಾತುಗಳಲ್ಲಿನ ಕಾಗುಣಿತದ ತಪ್ಪಿಗೆ ಕೆಂಪು ಗೆರೆ ಹಾಕುತ್ತ ಕುಳಿತದ್ದನ್ನು ನೋಡಿ ಗಾಬರಿಯಾದ. “ಅಕ್ಕಾ, ಇದರಾಗ ಕುಂಡ್ರು. ಹೊತ್ತು ಹೋಗ್ತೈತಿ” ಎಂದು ಹಚ್ಚಿಕೊಟ್ಟು ಹೋದ. ಹೊತ್ತು ಹೋಯಿತು. ಅದರ ಜೊತೆಗೆ ಹಾಲು ಉಕ್ಕಿ ಹೋಯಿತು, ಬೇಳೆ ಸೀದು ಹೋಯಿತು, ಒಂದು ದಿನ ನಲ್ಲಿಯ ನೀರು ಅಂಗಳ ದಾಟಿ ಓಣಿಯ ತನಕ ಹೋಯಿತು. ಆ ಹೊತ್ತಿನಲ್ಲಿ ನಾನು ಕುಂಬಳದ ಬಳ್ಳಿಗೆ ನೀರು ಹಾಕುತ್ತಿದ್ದೆ.

ನಗಬೇಡಿ. ನಾನು ಹುಟ್ಟಿದ ಅಗರಖೇಡದಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬಂತೆಂದರೆ ಮಣ್ಣು ತಂದು, ಕಲಸಿ, ಎತ್ತು ಮಾಡುತ್ತಿದ್ದೆವು. ಕಣ್ಣಿಗೆ ಜೋಳದ ಕಾಳು, ಕೊಂಬಿಗೆ ಕಡ್ಡಿ. ಮುಂದೆ ಮೇವಿಗೆಂದು ಮಣ್ಣಿನದೇ ಗ್ವಾದಲಿ ಕಟ್ಟಿ ಅದರಲ್ಲಿ ನಿಜವಾದ ಹುಲ್ಲು ಹಾಕುತ್ತಿದ್ದೆವು. ಆಯಿ, ಅಂದರೆ ನಮ್ಮ ಅಜ್ಜಿ, ಅವುಗಳಿಗೆ ಹೋಳಿಗೆಯ ಎಡೆ ಹಿಡಿದು ಕೈ ಮುಗಿಯುತ್ತಿದ್ದಳು. ಒಂದು ವರ್ಷ ನನ್ನ ಎತ್ತಿನ ಹಿಂಗಾಲು ಮುರಿದು ನಾನು ಅತ್ತೂ ಅತ್ತೂ ಮನೆ ಹಾರಿಸಿದಾಗ, ಆಯಿ ಅರಿಶಿನದ ಪಟ್ಟಿ ಕಟ್ಟಿ, “ನಾಳೆ ಎದ್ದು ನಿಂದರತಾನ, ಮಲಕೊ” ಅಂದಿದ್ದಳು. ಹಿತ್ತಿಲಲ್ಲಿ ನಿಜವಾದ ಎತ್ತು ಎರಡು ಕಟ್ಟಿದ್ದವು. ಅವು ನಮ್ಮನ್ನು ನೋಡಿ ಏನೆಂದುಕೊಂಡವೋ ಗೊತ್ತಿಲ್ಲ. ಮಣ್ಣಿಗೆ ಮೇವು ಹಾಕಿದ ಆಯಿಯನ್ನು ಯಾರೂ ಡಾಕ್ಟರರ ಹತ್ತಿರ ಕರೆದೊಯ್ಯಲಿಲ್ಲ. ಗಾಜಿಗೆ ಮೇವು ಹಾಕಿದ ನಾನು ಮಾತ್ರ ನಾನಾಗಿಯೇ ಹೋಗಿ ಕುಳಿತೆ.

ಹೀಗೆ ಫೋನಿನೊಳಗಿನ ಊರುಗಳಲ್ಲಿ ಕಾಲ ಕಳೆಯುವವರು ವಾಸ್ತವದಿಂದ ಓಡಿ ಹೋಗುತ್ತಿದ್ದಾರೆ ಎಂದು ತಿಳಿದವರು ಪತ್ರಿಕೆಗಳಲ್ಲಿ ಬರೆಯುತ್ತಾರೆ. ಆ ತಿಳಿದವರು ಒಮ್ಮೆ ನಾಕೂರಿಗೆ ಬರಬೇಕು. ನಾವು ಓಡಿ ಹೋಗುವಾಗ ವಾಸ್ತವವನ್ನು ಗೋಣಿಚೀಲದಲ್ಲಿ ತುಂಬಿ ತಲೆಯ ಮೇಲೆ ಹೊತ್ತುಕೊಂಡೇ ಹೋಗಿದ್ದೇವೆ.

ಊರು ಕಟ್ಟಿದ ಸ್ವಲ್ಪ ದಿನಕ್ಕೇ ಬದುವಿನ ಜಗಳ ಹುಟ್ಟಿತು. ಆ ಆಟದಲ್ಲಿ ಬೇಲಿಯನ್ನು ಸರಿಸಲು ಬರುವುದೇ ಇಲ್ಲ, ಬ್ರಹ್ಮ ಬಂದರೂ ಸರಿಯುವುದಿಲ್ಲ. ಆದರೂ ಬಾಗೇವಾಡಿಯ ಬಸಲಿಂಗಪ್ಪನವರು, ನಿವೃತ್ತ ಸರ್ವೇಯರರು, ಫೋನಿನ ಮೇಲೆ ಮೊಮ್ಮಗಳ ಅಳತೆಪಟ್ಟಿ ಇಟ್ಟು ಅಳೆದು, ಬಾಜೂದವರ ಬೇಲಿ ಒಂದು ನೂಲಿನಷ್ಟು ಒಳಗೆ ಬಂದಿದೆ ಎಂದು ತಕರಾರು ತೆಗೆದರು. ಪಂಚಾಯಿತಿ ಕೂಡಿತು. ಊರ ನಡುವೆ ರೆಕ್ಕೆ ತಿರುಗಿಸುತ್ತ ನಿಂತ ಗಾಳಿಗಿರಣಿಯ ಕೆಳಗಿನ ಕಟ್ಟೆಯ ಮೇಲೆ ನಮ್ಮ ಗೊಂಬೆಗಳೆಲ್ಲ ಸಾಲಾಗಿ ನಿಂತವು. ವಾದ ವಿವಾದವಾಗಿ, ಇಬ್ಬರು ಒಬ್ಬರ ಮುಖ ಒಬ್ಬರು ನೋಡುವುದನ್ನು ಬಿಟ್ಟು, ಕೊನೆಗೆ ಬಸಲಿಂಗಪ್ಪನವರೇ ನಾಕೂರಿನ ಗೌಡರಾದರು. ತಕರಾರು ತೆಗೆದವರನ್ನೇ ಗೌಡರನ್ನಾಗಿ ಮಾಡಿದರೆ ತಕರಾರು ನಿಲ್ಲುತ್ತದೆ ಎಂಬುದು ನಮ್ಮ ಜಿಲ್ಲೆಯ ಹಳೆಯ ಉಪಾಯ.

ಹೊಲದಲ್ಲಿ ನಿಲ್ಲಿಸಿದ ಬೆದರುಬೊಂಬೆ ಪ್ಯಾಂಟು, ಟೈ ಹಾಕಿಕೊಂಡಿತ್ತು. ಹಿಂದಿನ ಕಾಲದ ಶಾಲಾ ಇನ್‌ಸ್ಪೆಕ್ಟರರನ್ನು ನೋಡಿದ ಹಾಗಾಗಿ ನಾನು ಮೊದಮೊದಲು ಅದರ ಮುಂದೆ ಹಾಯುವಾಗ ಕುಳಿತಲ್ಲೇ ಸೆರಗು ಸರಿಮಾಡಿಕೊಳ್ಳುತ್ತಿದ್ದೆ. ಇನ್ನೊಂದು ತೊಂದರೆ ಅತಿಥಿಗಳದು. ಅಲ್ಲಿ ಯಾರಾದರೂ ನಿಮ್ಮ ಹೊಲಕ್ಕೆ ಬಂದರೆ ಎರಡು ಕೆಲಸ ಮಾಡಬಹುದು. ಬೆಳೆಗೆ ನೀರು ಹಾಕಬಹುದು, ಇಲ್ಲವೇ ಕಳಿತದ್ದನ್ನು ಕಿತ್ತುಕೊಂಡು ಹೋಗಬಹುದು. ಆಟ ಮಾಡಿದವರು ಅದಕ್ಕೆ ‘ಹಂಚಿಕೊಳ್ಳುವುದು’ ಎನ್ನುತ್ತಾರೆ. ನಮ್ಮಲ್ಲಿ ಅದಕ್ಕೆ ಬೇರೆ ಹೆಸರಿದೆ. ಆದರೆ ಬಂದವರಿಗೆ ಚಹಾ ಕೊಡುವ ವ್ಯವಸ್ಥೆ ಮಾತ್ರ ಅಲ್ಲಿಲ್ಲ. ಬಂದವರನ್ನು ಹಾಗೇ ಕಳಿಸುವುದು ಹೇಗೆ? ಅದಕ್ಕಾಗಿ ನಾವೆಲ್ಲ ‘ಚಾ ಕುಡದಂಗ ತಿಳೀರಿ’ ಎಂದು ಬರೆದು ಕಳಿಸುತ್ತೇವೆ. ಅವರು ‘ಸಕ್ರಿ ಜಾಸ್ತಿ ಆತ್ರಿ’ ಎಂದು ಬರೆಯುತ್ತಾರೆ.

ಇಷ್ಟೆಲ್ಲ ಕಿರಿಕಿರಿ ಇದ್ದರೂ ಯಾಕೆ ಹೋಗುತ್ತೀ ಎಂದು ನೀವು ಕೇಳಬಹುದು. ಅಗರಖೇಡದಲ್ಲಿ ನನ್ನ ಪಾಲಿಗೆ ಬಂದ ನಿಜವಾದ ಹೊಲವೇ ಇದೆ. ಅದನ್ನು ಲಾವಣಿಗೆ, ಅಂದರೆ ಗೇಣಿಗೆ, ಕೊಟ್ಟಿದ್ದೇನೆ. ಅಲ್ಲಿ ಈಗ ತೊಗರಿ ಇದೆಯೋ ಕಬ್ಬು ಇದೆಯೋ ಕೇಳಿದರೆ ನಾನು ಫೋನು ಮಾಡಿ ತಿಳಿದುಕೊಳ್ಳಬೇಕು. ಆದರೆ ಆ ಹೊಲದಲ್ಲಿ ನಾನು ಬಂದೆನೆಂದು ಯಾರೂ ತಲೆ ಎತ್ತುವುದಿಲ್ಲ. ನಾಕೂರಿನಲ್ಲಿ ಮುಂಜಾನೆ ನಾನು ಕಾಲಿಟ್ಟರೆ ಕಟ್ಟೆಯ ಮೇಲಿನವರೆಲ್ಲ ‘ಅಕ್ಕಾವ್ರು ಬಂದ್ರು’ ಎಂದು ಬರೆಯುತ್ತಾರೆ. ಅಲ್ಲಿ ಯಾರದೇ ಹೊಸಮನೆಯಾಗಲಿ, ದೀಪ ಹಚ್ಚಲು ನನ್ನನ್ನೇ ಕರೆಯುತ್ತಾರೆ. ನನ್ನ ಗೊಂಬೆಗೆ ಹಣೆಯ ತುಂಬ ಕುಂಕುಮ, ಕೈತುಂಬ ಹಸಿರು ಬಳೆ. ಮೊದಲ ಕುಂಬಳದ ಫಸಲಿಗೆ ಅವು ಪುಕ್ಕಟೆ ಸಿಕ್ಕವು. ನಾನು ಬೇಡ ಅನ್ನಲಿಲ್ಲ.

ಇಂಡಿಯ ನಾನು ವಿಧವೆ. ನಮ್ಮವರು ಹೋಗಿ ಬಹಳ ವರ್ಷಗಳಾದವು. ಯಾರೂ ಒಂದು ಕಠಿಣ ಮಾತು ಆಡಿಲ್ಲ, ಸುಳ್ಳು ಹೇಳಬಾರದು. ಲಗ್ನ, ಸೀಮಂತಗಳಲ್ಲಿ ಕುಂಕುಮದ ತಟ್ಟೆ ಹಿಡಿದ ಹೆಂಗಸು ಸಾಲಿನಲ್ಲಿ ಬರುತ್ತ ಬರುತ್ತ, ಕೈ ಮಾಡುವವರಿಲ್ಲದ ಸ್ಟಾಪಿನಲ್ಲಿ ಬಸ್ಸು ಮುಂದೆ ಹೋಗುವ ಹಾಗೆ, ನನ್ನನ್ನು ದಾಟಿ ಮುಂದೆ ಹೋಗುತ್ತಾಳೆ ಅಷ್ಟೆ. ಅವಳಿಗೂ ಮುಜುಗರ, ನನಗೂ ಮುಜುಗರ. ಅದಕ್ಕೇ ನಾನು ಇತ್ತೀಚೆಗೆ ಅಂಥ ಕಡೆ ಚಪ್ಪಲಿ ಬಿಡುವ ಜಾಗದ ಹತ್ತಿರವೇ ಕುಳಿತುಬಿಡುತ್ತೇನೆ.

ಇರಲಿ. ನಾನು ಹೇಳಹೊರಟಿದ್ದು ಸುವರ್ಣಾಳ ಮದುವೆಯ ಮಾತು.

ಸುವರ್ಣಾ ಮಲ್ಲಪ್ಪನ ಮಗಳು. ತಾಯಿ ಬೇಗ ತೀರಿಕೊಂಡಳೆಂದು ಸಣ್ಣವಳಿದ್ದಾಗ ನನ್ನ ಹತ್ತಿರ ಇಂಡಿಯಲ್ಲೇ ಬೆಳೆದವಳು. ಈಗ ನಾಲತವಾಡದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ವಯಸ್ಸು ಮೂವತ್ತು ದಾಟಿತು. ಬಂದ ಸಂಬಂಧಗಳು ಒಂದೊಂದು ಕಾರಣಕ್ಕೆ ಮುರಿದವು. ಒಬ್ಬನ ಮನೆಯವರಿಗೆ ಅವಳ ಎತ್ತರ ಹೆಚ್ಚಾಯಿತು, ಇನ್ನೊಬ್ಬನದು ನಮ್ಮವರಿಗೆ ಕಡಿಮೆಯಾಯಿತು. ಈ ಸಲ ಬಂದದ್ದು ದೇವಣಗಾಂವದ ಶರಣಪ್ಪನದು. ಸಿಂದಗಿಯಲ್ಲಿ ಹನಿ ನೀರಾವರಿ ಪೈಪಿನ ಅಂಗಡಿ ಇಟ್ಟಿದ್ದಾನೆ. ಸಂಬಂಧ ತಂದವರು ಗೌಡರು ಬಸಲಿಂಗಪ್ಪನವರೇ, ಅದೂ ನಾಕೂರಿನ ಕಟ್ಟೆಯ ಮೇಲೆ. ಯಾಕೆಂದರೆ ಶರಣಪ್ಪನ ತಾಯಿ ಕಲ್ಲವ್ವ ಅಲ್ಲಿ ನನ್ನ ಬಾಜೂ ಹೊಲದವಳು. ಸೂರ್ಯಪಾನ, ಅಂದರೆ ಸೂರ್ಯಕಾಂತಿ, ಬೆಳೆಯುವುದರಲ್ಲಿ ಅವಳ ಕೈ ಯಾರೂ ಹಿಡಿಯುವಂತಿಲ್ಲ.

ಹುಡುಗ, ಹುಡುಗಿ ಭೇಟಿಯಾದರು. ಆ ದಿನ ಸಂಜೆ ಸುವರ್ಣಾ ನನಗೆ ಫೋನು ಮಾಡಿದಳು. ಸುತ್ತು ಬಳಸಿ ಮಾತಾಡುವ ಹುಡುಗಿ ಅಲ್ಲ ಅದು.

“ಅತ್ತಿ, ನನಗ ಅವ್ರು ಮನಸಿಗೆ ಬಂದಾರ. ನೀನು, ಅಪ್ಪ ಕೂಡಿ ಈ ಸಲ ಏನಾರ ತಗದು ಮುರೀಬ್ಯಾಡ್ರಿ.”

“ನಾವು ಯಾಕ ಮುರೀತೇವ?” ಎಂದೆ ನಾನು, ದೊಡ್ಡ ಮನುಷ್ಯಳ ಹಾಗೆ.

ನಮ್ಮಲ್ಲಿ ಹೆಣ್ಣು ಕೊಡುವ ಮೊದಲು ಮನೆ ನೋಡಲು ಹೋಗುವ ಪದ್ಧತಿ ಇದೆ. ಹುಡುಗನ ಮನೆ, ಹೊಲ, ದನ, ಕರು ಎಲ್ಲ ಕಣ್ಣಾರೆ ನೋಡಬೇಕು. ಅದಕ್ಕಾಗಿ ಅವರೂ ಎಲ್ಲ ಕಣ್ಣಾರೆ ಕಾಣುವ ಹಾಗೆ ಇಡಬೇಕು. ನಾವು ದೇವಣಗಾಂವಕ್ಕೆ ಹೋದಾಗ ಪಡಸಾಲೆಯಲ್ಲಿ ಪ್ಲಾಸ್ಟಿಕ್ ಬಿಚ್ಚದ ಸೋಫಾ ಇತ್ತು. ಅಂಗಳದಲ್ಲಿ ಟ್ರ್ಯಾಕ್ಟರ್ ಇತ್ತು, ಅದರ ಮುಂದಿನ ಹಲಗೆಯ ಮೇಲೆ ಬೇರೆ ಯಾರದೋ ಮನೆತನದ ಹೆಸರಿತ್ತು. ಎಮ್ಮೆಗಳ ಸಾಲಿನಲ್ಲಿ ಒಂದು ಎಮ್ಮೆ ನಾವು ಕುಳಿತಷ್ಟು ಹೊತ್ತೂ ಆಚೆ ಮನೆಯ ಕಡೆಗೇ ಮುಖ ಮಾಡಿ ಒದರುತ್ತಿತ್ತು. ಅದಕ್ಕೆ ತನ್ನ ಮನೆ ಯಾವುದೆಂದು ಗೊತ್ತಿತ್ತು, ಪಾಪ. ನಾವು ಯಾರೂ ಏನೂ ಅನ್ನಲಿಲ್ಲ. ಅದಕ್ಕೂ ಮೊದಲು ಅವರ ಕಡೆಯ ಗಂಡಸರು ಮುದ್ದೇಬಿಹಾಳಕ್ಕೆ ಬಂದಾಗ ನಮ್ಮ ಪಡಸಾಲೆಯಲ್ಲಿಯೂ ಬಾಜೂದವರ ಫ್ರಿಜ್ಜು ನಿಂತಿತ್ತು. ವಾಯರು ಮುಟ್ಟಲಿಲ್ಲವಾದ್ದರಿಂದ ಅದಕ್ಕೆ ಕರೆಂಟು ಇರಲಿಲ್ಲ. ಮಲ್ಲಪ್ಪ ಮಾತ್ರ “ಫ್ರಿಜ್ಜಿನ ನೀರು ಕೊಡ್ರವಾ” ಎಂದು ಎರಡೆರಡು ಸಲ ಕೂಗಿದ. ಫೋನಿನೊಳಗಿನ ಊರು ಸುಳ್ಳಿನ ಊರು ಎಂದು ನಮಗೆ ಬುದ್ಧಿ ಹೇಳಲು ಬರುವವರನ್ನು ನಾನು ಒಮ್ಮೆ ಮನೆ ನೋಡುವ ಶಾಸ್ತ್ರಕ್ಕೆ ಕರೆದೊಯ್ಯುವವಳಿದ್ದೇನೆ.

ಕಲ್ಲವ್ವನನ್ನು ನಾನು ಮುಖತಃ ನೋಡಿದ್ದು ಅಂದೇ, ದೇವಣಗಾಂವದಲ್ಲಿ. ದಿನಾ ಮುಂಜಾನೆ ಬೇಲಿಯ ಆಚೀಚೆ ನಿಂತು ಮಾತಾಡಿದವರು ನಾವು. ಅಲ್ಲಿ ಅವಳ ಗೊಂಬೆಯದು ಕೆಂಪು ಇಳಕಲ್ ಸೀರೆ, ನಾಲ್ಕು ಎಳೆ ಸರ. ಇಲ್ಲಿ ಬಣ್ಣ ಹೋದ ಸೀರೆ ಉಟ್ಟ ಬರಿಗೊರಳಿನ ಹೆಂಗಸು ಅಡಿಗೆಮನೆಯ ಬಾಗಿಲ ಹಿಂದೆ ನಿಂತಿದ್ದಳು. ನನ್ನ ಹಾಗೇ ಅವಳೂ. ಕುಂಕುಮದ ತಟ್ಟೆ ಹಿಡಿದು ತಿರುಗುತ್ತಿದ್ದವಳು ಅವಳ ನಾದಿನಿ. ನಮ್ಮಿಬ್ಬರ ಕಣ್ಣು ಒಮ್ಮೆ ಕೂಡಿದವು. ಇಬ್ಬರಿಗೂ ಏನು ಮಾತಾಡಬೇಕೋ ತಿಳಿಯಲಿಲ್ಲ. ಕೈಯಲ್ಲಿ ಫೋನು ಇದ್ದಿದ್ದರೆ ಒಂದು ತಾಸು ಮಾತಾಡುತ್ತಿದ್ದೆವು.

ತಿರುಗಿ ಬರುವಾಗ ಬಾಗೇವಾಡಿಯ ಹತ್ತಿರ ಚಹಾದ ಅಂಗಡಿಯಲ್ಲಿ ಕಾರು ನಿಲ್ಲಿಸಿದೆವು. ಮಲ್ಲಪ್ಪ ಬಶಿಯಲ್ಲಿ ಚಹಾ ಸುರಿದುಕೊಂಡು ಬಹಳ ಹೊತ್ತು ಊದಿದ.

“ಅಕ್ಕಾ, ಎಲ್ಲಾ ಛಲೋ ಐತಿ.”

“ಹೌದು, ಛಲೋ ಐತಿ.”

“ಅದಕ್ಕ ನನಗ ಸಂಶೇ. ಮಂದಿ ಬರ್ತಾರ ಅಂದ್ರ ಯಾರರ ಮನಿ ಛಲೋ ಇಡಂಗಿಲ್ಲ? ನಾವು ಇಟ್ಟೀವಲ್ಲ! ಯಾರೂ ಬರಂಗಿಲ್ಲ ಅಂತ ತಿಳದಲ್ಲಿ ಮನುಷ್ಯಾ ಹೆಂಗ ಇರ್ತಾನ, ಅದನ್ನ ನೋಡಬೇಕು.” ಅವನ ಕಣ್ಣು ಮಿನುಗಿದವು. “ಹುಡುಗನ ಹೊಲಾ ನಾಕೂರಾಗ ಐತಿ, ಗಾಳಿಗಿರಣಿ ಹಿಂದ. ನಡಿ, ನೋಡೂನು.”

ಈ ಮಾತು ಕೇಳಿ ನನಗೆ ನಗು ಬರಬೇಕಾಗಿತ್ತು. ಬರಲಿಲ್ಲ. ನನ್ನ ತಮ್ಮ ಎಷ್ಟು ಹುಷಾರಿ ಎಂದು ಹೆಮ್ಮೆಯೇ ಆಯಿತು. ಇಬ್ಬರೂ ಚಹಾ ಆರಲು ಬಿಟ್ಟು, ಫೋನು ತೆಗೆದು, ಗಾಳಿಗಿರಣಿ ಸುತ್ತಿ ಹಿಂದೆ ಹೋದೆವು.

ಏನು ಹೇಳಲಿ! ಹೊಲ ಒಣಗಿ ಬಿರಿದಿತ್ತು. ಎಂದೋ ಹಚ್ಚಿದ ಗಜ್ಜರಿ, ಅದೇ ಕ್ಯಾರೆಟ್ಟು, ಸುಟ್ಟ ಬತ್ತಿಯ ಹಾಗೆ ನಿಂತಿದ್ದವು. ಕಸ ಮೊಣಕಾಲಿನ ತನಕ ಬೆಳೆದಿತ್ತು. ಎತ್ತುಗಳ ತಲೆಯ ಮೇಲೆ ‘ಹಸಿವಾಗಿದೆ’ ಎಂಬ ಗುಳ್ಳೆ ಏಳುತ್ತಿತ್ತು. ಮನೆಯ ಬಾಗಿಲು ತೆರೆದೇ ಇತ್ತು, ಕೋಳಿಗಳು ಯಾವಾಗಲೋ ಎದ್ದು ಹೋಗಿದ್ದವು.

“ನೋಡಿದೇನ?” ಎಂದ ಮಲ್ಲಪ್ಪ. “ಊರ ಮಂದಿಗೆಲ್ಲ ನೀರಿನ ಪೈಪು ಮಾರ್ತಾನ. ತನ್ನ ಹೊಲಕ್ಕ ಹನಿ ನೀರಿಲ್ಲ! ಬಗ್ಗಬೇಕಾಗಿಲ್ಲ, ಏಳಬೇಕಾಗಿಲ್ಲ, ಬಟ್ಟು ಒತ್ತಿದ್ರ ನೀರು ಬರ್ತಾವು. ಅಷ್ಟೂ ಮಾಡಂಗಿಲ್ಲಂದ್ರ ಮನುಷ್ಯಾ ಎಂಥಾ ಮೈಗಳ್ಳ ಇರಬೇಕು!”

“ಮೂಕ ಪ್ರಾಣಿನ್ನ ಉಪವಾಸ ಇಟ್ಟಾನ” ಎಂದೆ ನಾನು. ನಿಜವಾಗಿಯೂ ಕಣ್ಣಲ್ಲಿ ನೀರು ಬಂದಿತ್ತು. ಅಲ್ಲೇ ನಿಂತು ಆ ಎತ್ತುಗಳಿಗೆ ಮೇವು ಹಾಕಿದೆ. ಮಲ್ಲಪ್ಪ ಬಸಲಿಂಗಪ್ಪನವರಿಗೆ ಫೋನು ಹಚ್ಚಿ, “ಯೋಚನಿ ಮಾಡಿ ಹೇಳ್ತೇವ್ರಿ” ಎಂದ. ನಮ್ಮ ಕಡೆ ಹಾಗಂದರೆ ಬೇಡ ಎಂದು ಅರ್ಥ. ಪೂರ್ತಿ ಬೇಡ ಅನ್ನಲು ಬಾಯಿ ಬಾರದವರು ಹಾಗನ್ನುತ್ತಾರೆ.

ಆ ಕಡೆಯಿಂದ ಬಸಲಿಂಗಪ್ಪನವರು ಕೆಮ್ಮಿದರು. “ಯೋಚನಿ ಅವ್ರೂ ಮಾಡಾಕತ್ತಾರ್ರಿ. ಕಲ್ಲವ್ವನೂ ನಿಮ್ಮ ಮನಿತನಾ ವಿಚಾರ್ಸ್ಯಾಳ. ಅಕ್ಕಾವ್ರು ತನ್ನ ಸೂರ್ಯಪಾನ ದಿನಾ ಮುಂಜಾನೆ ಕಿತ್ಕೊಂಡು ಹೋಗ್ತಾರ, ಅಂಥವ್ರು ಸಾಕಿದ ಹುಡಿಗಿ ಹೆಂಗ ಇರ್ತಾಳೋ ಅಂತ ಕೇಳ್ತಾಳ್ರಿ.”

ಸ್ಪೀಕರು ಹಾಕಿದ್ದರಿಂದ ಚಹಾದ ಅಂಗಡಿಯವನಿಗೂ ಕೇಳಿಸಿತು. ಅವನು ನನ್ನ ಮುಂದಿನ ಸಕ್ಕರೆಯ ಡಬ್ಬಿಯನ್ನು ಮೆಲ್ಲಗೆ ಒಳಗಿಟ್ಟ. ಹಾಗೆ ನನಗೆ ಅನಿಸಿತು. ಕೀಳುವುದು ಆಟದ ನಿಯಮ, ಎಲ್ಲರೂ ಕೀಳುತ್ತಾರೆ, ಕಲ್ಲವ್ವನೂ ನನ್ನ ಕುಂಬಳ ಕಿತ್ತಿದ್ದಾಳೆ ಎಂದು ನಾನು ಮನೆಯ ತನಕ ಮಲ್ಲಪ್ಪನ ತಲೆ ತಿಂದೆ. ಅವನು ಕಾರಿನ ಗಾಜು ಇಳಿಸಿ ಹೊರಗೆ ನೋಡುತ್ತ ಕುಳಿತ.

ರವಿವಾರ ಸುವರ್ಣಾ ಇಂಡಿಗೆ ಬಂದಳು. ಅಳುತ್ತಾಳೇನೋ ಎಂದುಕೊಂಡಿದ್ದೆ. ಅವಳು ಕೈಕಾಲು ತೊಳೆದು ಬಂದು ನನ್ನೆದುರು ಕುಳಿತು, ಶಾಲೆಯಲ್ಲಿ ಪ್ರಯೋಗ ತಪ್ಪು ಮಾಡಿದ ಹುಡುಗರನ್ನು ಕೇಳುವ ಹಾಗೆ ಕೇಳಿದಳು.

“ಅತ್ತಿ, ಏನ್ ನೋಡಿ ಬ್ಯಾಡ ಅಂದ್ರಿ?”

ನಾನು ಫೋನು ತೆಗೆದು ಶರಣಪ್ಪನ ಹೊಲ ತೋರಿಸಿದೆ. ಒಣಗಿದ ಗಜ್ಜರಿ ತೋರಿಸಿದೆ, ಎತ್ತು ತೋರಿಸಿದೆ. ಅವಳು ತನ್ನ ಫೋನಿನಿಂದ ಅವನಿಗೆ ಕರೆ ಮಾಡಿ ಸ್ಪೀಕರು ಹಾಕಿದಳು. ಹಿಂದೆ ಗಾಳಿಯ ಸದ್ದು, ಯಾರೋ ‘ಜಗ್ಗೋ, ಜಗ್ಗೋ’ ಎಂದು ಕೂಗುವ ಸದ್ದು.

“ನಿಮ್ಮ ಹೊಲಾ ಯಾಕ ಒಣಗೈತ್ರಿ?”

“ಯಾವ ಹೊಲಾರಿ?”

“ನಾಕೂರಿಂದು.”

ಅವನಿಗೆ ನೆನಪು ಮಾಡಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. “ಓ, ಅದಾ! ನಮ್ಮವ್ವಗ ಮನ್ಯಾಗ ಹೊತ್ತು ಹೋಗಂಗಿಲ್ಲಂತ ಹಚ್ಚಿ ಕೊಟ್ಟಿದ್ನಿ. ಅಲ್ಲಿ ಗುರ್ತಿನವ್ರು ಯಾರೂ ಇಲ್ಲ, ನೀನೂ ಒಂದು ಹೊಲಾ ಹಿಡಿ ಅಂದ್ಲು. ಒಂದಿನ ಹಿಡದು ಬಿಟ್ಟೆ. ಯಾಕ್ರಿ, ಯಾರಿಗರ ಬೇಕಾಗಿತ್ತೇನು? ತಗೊಳ್ಳಾಕ ಹೇಳ್ರಿ. ನಾ ಇಲ್ಲಿ ಆಲಮೇಲದ ಕಡೆ ಪೈಪು ಹಾಕಾಕತ್ತೇನಿ, ಮುಂಜಾನಿಂದ ಉಂಡಿಲ್ಲ. ಆಮ್ಯಾಲ ಮಾಡ್ತೇನಿ.”

ಫೋನು ಇಟ್ಟು ಸುವರ್ಣಾ ನಗಲು ಶುರು ಮಾಡಿದಳು. ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ನನಗೂ ಆಗಲೇ ತಿಳಿಯಿತು. ಅಲ್ಲಿಯ ಹೊಲ ಒಣಗಿದವನಿಗೆ ಇಲ್ಲಿ ಕೈತುಂಬ ಕೆಲಸವಿದೆ, ಕರೆಯುವ ಮಂದಿ ಇದ್ದಾರೆ. ಇಂಥ ವರನನ್ನು ನಾವು ಚಹಾದ ಅಂಗಡಿಯಲ್ಲಿ ಕುಳಿತು ಬೇಡವೆಂದಿದ್ದೆವು. ಇನ್ನು ಮುಂದೆ ಹೆಣ್ಣು ಹೆತ್ತವರೆಲ್ಲ ಹುಡುಗನ ಜಾತಕದ ಜೊತೆಗೆ ಫೋನಿನ ಹೊಲ ನೋಡಿ, ಎಷ್ಟು ಒಣಗಿದೆಯೋ ಅಷ್ಟು ಒಳ್ಳೆಯ ಸಂಬಂಧ ಎಂದು ತಿಳಿಯಬೇಕು.

ಸುವರ್ಣಾ ಕಣ್ಣೊರೆಸಿಕೊಂಡು ಸುಮ್ಮನೆ ನನ್ನ ಫೋನಿನಲ್ಲಿ ಬೆರಳಾಡಿಸುತ್ತಿದ್ದಳು. ನನ್ನ ಹೊಲಕ್ಕೆ ಬಂದಳು. ಕುಂಬಳದ ಬಳ್ಳಿ ಬೇಲಿಯ ತುಂಬ ಹಬ್ಬಿತ್ತು, ಒಂದು ಕಡ್ಡಿ ಕಸ ಇರಲಿಲ್ಲ, ಎತ್ತುಗಳ ಮೈ ಹೊಳೆಯುತ್ತಿತ್ತು.

“ಅತ್ತಿ,” ಎಂದಳು ಮೆಲ್ಲಗೆ, “ನಿನ್ನ ಹೊಲಾ ಎಷ್ಟ ಹಚ್ಚಗ ಐತಿ!”

ನಾಕೂರಿನಲ್ಲಿ ಈ ಮಾತು ಕೇಳಲು ನಾನು ಎಷ್ಟೋ ದುಡಿದಿದ್ದೆ. ಅವಳ ಬಾಯಿಂದ ಕೇಳಿದಾಗ ಮಾತ್ರ ಎಲ್ಲಿ ನೋಡಬೇಕೋ ತಿಳಿಯದೆ, ಅನ್ನಕ್ಕೆ ಇಡಬೇಕೆಂದು ಎದ್ದು ಒಳಗೆ ಹೋದೆ.

ಮಲ್ಲಪ್ಪನನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ಅವನು ನಾಕೂರಿನ ತನ್ನ ಹೊಲ ಹಚ್ಚಗಿದ್ದ ದಿನಗಳಲ್ಲಿ ಅಂಗಡಿಯಲ್ಲಿ ಗಿರಾಕಿಯೇ ಇರಲಿಲ್ಲವೆಂದು ನೆನೆಸಿಕೊಂಡು ತಾನಾಗಿಯೇ ಮೆತ್ತಗಾದ. ಉಳಿದವಳು ಕಲ್ಲವ್ವ. ಮರುದಿನ ಮುಂಜಾನೆ ನಾನು ಬುಟ್ಟಿ ತುಂಬ ಕುಂಬಳಕಾಯಿ ಹೊತ್ತು ಅವಳ ಬೇಲಿಯ ಹತ್ತಿರ ಹೋಗಿ ನಿಂತೆ. ‘ಸೂರ್ಯಪಾನದ ಬದಲಿ ಇವನ್ನ ಇಟ್ಕೋರಿ’ ಎಂದು ಬರೆದೆ. ಬಹಳ ಹೊತ್ತು ಉತ್ತರ ಬರಲಿಲ್ಲ. ಅವಳಿಗೆ ಬರೆಯುವುದು ನಿಧಾನ.

‘ಕಿತ್ತಿದ್ದಕ್ಕ ಸಿಟ್ಟಿಲ್ರಿ ಅಕ್ಕಾವ್ರ. ಬೇಲಿ ಆಚಿಂದ ಮಾತಾಡಾವ್ರು ಹೊಲದಾಗ ಬಂದ್ರ ಮಾತಾಡ್ಸದ ಹೋಗ್ತೀರಿ, ಅದಕ್ಕ ಸಿಟ್ಟು. ಮೊನ್ನೆ ಮನಿಗೆ ಬಂದಾಗೂ ಮಾತಾಡ್ಸಲಿಲ್ಲ.’

ನಾನು ಓದಿ, ಮತ್ತೆ ಓದಿ, ಫೋನು ಹಚ್ಚಿ ಅವಳನ್ನು ಮಾತಾಡಿಸಿದೆ. ಅದೇ ಮುಂಜಾನೆ ಸಂಬಂಧ ಗಟ್ಟಿಯಾಯಿತು.

ನಿಶ್ಚಯ ಮುದ್ದೇಬಿಹಾಳದ ನಮ್ಮ ಮನೆಯಲ್ಲಿ. ಹಿಂದಿನ ದಿನ ಸುವರ್ಣಾ ನನ್ನ ಹತ್ತಿರ ಬಂದು, “ಅತ್ತಿ, ನಾಳೆ ನನ್ನ ಉಡಿ ನೀನ ತುಂಬಬೇಕು” ಎಂದಳು. ಉಡಿ ತುಂಬುವುದೆಂದರೆ ಹುಡುಗಿಯ ಮಡಿಲಿಗೆ ಅಕ್ಕಿ, ಕೊಬ್ಬರಿ, ಕುಪ್ಪಸದ ಬಟ್ಟೆ ಹಾಕಿ ಹರಸುವುದು. ಅದು ಮುತ್ತೈದೆಯರ ಕೆಲಸ.

“ಹುಚ್ಚಿ ಅದೀಯೇನ? ನಾಕ್ ಮಂದಿ ನಾಕ್ ಮಾತಾಡ್ತಾರ. ಇಷ್ಟ ದಿನಕ್ಕ ಒಂದು ಕೂಡಿ ಬಂದೈತಿ. ನಾ ಒಳಗ ಕುಂಡರ್ತೇನಿ.”

ಅವಳು ನನ್ನ ಮುಖವನ್ನೇ ನೋಡಿದಳು. ಇನ್ನೊಂದು ಸಲ ಕೇಳಿದ್ದರೆ ನಾನು ಹೂಂ ಅನ್ನುತ್ತಿದ್ದೆ. ಕೇಳಲಿ ಎಂದು ಎದೆಯೊಳಗೆ ಬೇಡಿಕೊಂಡೆ ಕೂಡ. ಅಷ್ಟರಲ್ಲಿ ಮೆಹಂದಿಯವಳು ಬಂದಳೆಂದು ಅವಳನ್ನು ಕರೆದರು.

ಮರುದಿನ ನಾನು ಜೋಳದ ಚೀಲ ಇಡುವ ಒಳಕೋಣೆಯಲ್ಲಿ ಕುಳಿತೆ. ಸ್ವಲ್ಪ ಹೊತ್ತಿಗೆ ನಮ್ಮ ಮನೆಯ ಹೆಂಗಸರು ಬಹಳ ಮರ್ಯಾದೆಯಿಂದ ಕಲ್ಲವ್ವನನ್ನೂ ಅಲ್ಲಿಗೇ ಕರೆತಂದು, “ಇಲ್ಲಿ ಫ್ಯಾನ್ ಐತ್ರಿ, ಆರಾಮ ಕುಂಡ್ರಿ” ಎಂದು ಬಿಟ್ಟು ಹೋದರು. ಮುಂದೆ ಬರಬೇಡಿ ಎನ್ನುವ ಮಾತನ್ನು ನಮ್ಮಲ್ಲಿ ಹಾಗೆಯೇ ಹೇಳುತ್ತಾರೆ. ಅವಳು ಚೀಲಕ್ಕೆ ಒರಗಿ ಕುಳಿತಳು. ಹೊರಗೆ ಸೋಬಾನೆ ಶುರುವಾಯಿತು. ಮಗನ ಕಾರ್ಯ ಅವಳದು, ಸಾಕಿದ ಮಗಳ ಕಾರ್ಯ ನನ್ನದು. ಇಬ್ಬರೂ ಗೋಡೆಗೆ ಕಿವಿಗೊಟ್ಟು, ಈಗ ಉಂಗುರ ಹಾಕುತ್ತಿರಬೇಕು, ಈಗ ಆರತಿ ಇರಬೇಕು ಎಂದು ಲೆಕ್ಕ ಹಾಕಿದೆವು.

ಆಗ ಇಬ್ಬರ ಫೋನೂ ಒಂದೇ ಸಲ ಗುಂಯ್ ಎಂದವು. ಬಸಲಿಂಗಪ್ಪನವರು ಬರೆದಿದ್ದರು. ತೆರೆದು ನೋಡಿದರೆ ನಾಕೂರಿನ ಕಟ್ಟೆಯ ಮೇಲೆ ಹಂದರ ಹಾಕಿದ್ದರು. ಗಾಳಿಗಿರಣಿಗೆ ಯಾರೋ ಸೂರ್ಯಪಾನದ ಮಾಲೆ ಸುತ್ತಿದ್ದರು. ನಾಲ್ಕೂ ತಾಲೂಕಿನ ಗೊಂಬೆಗಳು ಕೂಡಿದ್ದವು, ನಮ್ಮ ಡಾಕ್ಟರರ ಹೆಂಡತಿಯದೂ ಇತ್ತು. ‘ಬೀಗತ್ಯಾರು ಇಬ್ರೂ ಮುಂದ ಬರ್ರಿ. ನೀವು ಬರೂತನಕ ದೀಪಾ ಹಚ್ಚಂಗಿಲ್ಲ.’ ಮಂದಿ ಎರಡೂ ಕಡೆ ಸರಿದು ದಾರಿ ಬಿಟ್ಟರು. ಕಲ್ಲವ್ವ ಕನ್ನಡಕ ಏರಿಸಿಕೊಂಡಳು. ಕೆಂಪು ಇಳಕಲ್ ಸೀರೆಯವಳೂ, ಹಸಿರು ಬಳೆಯವಳೂ ಮಂದಿಯ ನಡುವೆ ಹಾಯ್ದು ಹಂದರದ ಮುಂದಕ್ಕೆ ನಡೆದೆವು.

ಸಕ್ಕರೆಯ ಚೀಲ ಒಯ್ಯಲು ಮಲ್ಲಪ್ಪ ಒಳಗೆ ಬಂದ. ಬಾಗಿಲಲ್ಲೇ ನಿಂತು ನಮ್ಮಿಬ್ಬರನ್ನೂ ನೋಡಿ ಹಣೆ ಚಚ್ಚಿಕೊಂಡ.

“ಏನಕ್ಕಾ, ಇಂಥಾ ದಿನಾನೂ ಅದರಾಗ ಕುಂತೀರಲ್ಲ! ಹೊರಗ ಇಷ್ಟ ದೊಡ್ಡ ಕಾರ್ಯ ನಡದೈತಿ. ಅಂಥಾದ್ದು ಏನೈತಿ ಅದರಾಗ?”

ಕಲ್ಲವ್ವ ಫೋನಿನಿಂದ ತಲೆ ಎತ್ತದೆ, ಯಾವ ಸಿಟ್ಟೂ ಇಲ್ಲದೆ ಹೇಳಿದಳು:

“ಅಲ್ಲಿ ಕರದಾರ್ರಿ, ಬೀಗರ. ಅದಕ್ಕ ಹೋಗೇವಿ.”

ಮಲ್ಲಪ್ಪ ಚೀಲ ಹೆಗಲಿಗೇರಿಸಿದ. ನನ್ನನ್ನು ನೋಡಿದ, ಹೊರಗೆ ನೋಡಿದ. ಸಕ್ಕರೆ ಎಲ್ಲಿ ಎಂದು ಯಾರೋ ಕೂಗಿದರು. ಅವನು ಹೊರಟ. ಹೋಗುವಾಗ, ನಮಗೆ ಹೊರಗಿನ ಸದ್ದು ಕೇಳಬಾರದೆಂದೋ ಏನೋ, ಬಾಗಿಲನ್ನು ಮೆಲ್ಲಗೆ ಮುಂದಕ್ಕೆ ಎಳೆದುಕೊಂಡು ಹೋದ.